ಮರ ಅಡ ಇಡುವ ಊರಿಗೆ ಹೊರಟವರಿಗೆ

ಮೀನಂಗಾಡಿಗೆ ಹೋಗೋಣ ಅಂದಾಗ ನನ್ನ ಹೆಂಡತಿ ಕೇಳಿದ್ದು ಒಂದೇ. "ಮೀನಿನ ಅಂಗಡಿ ನೋಡೋಕೆ ಕೇರಳದವರೆಗೂ ಹೋಗ್ಬೇಕಾ?" ನಾವು ಹೊರಟಿದ್ದು ಮರ ನೋಡೋಕೆ. ವಯನಾಡಿನ ಈ ಗ್ರಾಮ ಪಂಚಾಯಿತಿ 2016ರ ಜೂನ್ 5ರಂದು ಕಾರ್ಬನ್ ನ್ಯೂಟ್ರಲ್ ಆಗುವ ಕೆಲಸಕ್ಕೆ ಕೈಹಾಕಿತು. ಅಂದರೆ ಊರು ಹೊರಗೆ ಬಿಡುವ ಇಂಗಾಲವನ್ನು ಊರಿನ ಮರ, ಮಣ್ಣೇ ಹೀರಿಕೊಳ್ಳಬೇಕು.

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ, ಮೂಲೆಹೊಳೆ, ಮುತ್ತಂಗ, ಸುಲ್ತಾನ್ ಬತ್ತೇರಿ, ಅಲ್ಲಿಂದ ಮುಂದೆ ಮೀನಂಗಾಡಿ. ಹೆಚ್ಚುಕಮ್ಮಿ 125 ಕಿ.ಮೀ. ಕಾರೇ ಬೇಕು ಅಂತೇನಿಲ್ಲ, ಕಲ್ಲಿಕೋಟೆ ಕಡೆಗೆ ಹೋಗುವ ಬಸ್ಸುಗಳು ಇದೇ ದಾರಿಯಲ್ಲಿ ಹೋಗುತ್ತವೆ. ಇಂಗಾಲದ ಲೆಕ್ಕ ಕೇಳೋಕೆ ಇಬ್ಬರೇ ಒಂದು ಕಾರು ತಗೊಂಡು ಹೋಗಿದ್ದಕ್ಕೆ ನನಗೆ ಆಮೇಲೆ ನಾಚಿಕೆಯಾಯಿತು.

ಬತ್ತೇರಿಯನ್ನು ಸುಮ್ನೆ ದಾಟಿಬಿಡಬೇಡಿ. ಪೇಟೆಯ ಫುಟ್‌ಪಾತ್ ಕಂಬಿಗಳ ಉದ್ದಕ್ಕೂ ಹೂವಿನ ಕುಂಡಗಳಿವೆ. ಬಾಳೆಹಣ್ಣು ತಿಂದು ಸಿಪ್ಪೆ ಕೈಯಲ್ಲೇ ಹಿಡಿದು ಅತ್ತಿತ್ತ ನೋಡುತ್ತಿದ್ದೆ. ಅಂಗಡಿಯವರು ಕೈಚಾಚಿ ಇಸ್ಕೊಂಡು, ಕೌಂಟರಿನ ಕೆಳಗಿದ್ದ ಬಕೆಟ್ಟಿಗೆ ಹಾಕಿದರು. ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಕವರನ್ನು ಮಾತ್ರ ವಾಪಸ್ ಕೊಟ್ಟರು, ಅದು ಒಣಕಸದ ಚೀಲಕ್ಕಂತೆ. ಕೇರಳದಲ್ಲಿ ಹರಿತ ಕರ್ಮ ಸೇನೆ ಅಂತ ಹೆಂಗಸರ ಗುಂಪುಗಳಿವೆ. ಮನೆಮನೆಗೆ, ಅಂಗಡಿಗಳಿಗೆ ಹೋಗಿ ಒಣಕಸ ಒಯ್ಯುತ್ತಾರೆ, ಅದಕ್ಕೆ ದುಡ್ಡು ಕೊಡಬೇಕು. ಇಲ್ಲಿನ ಹಳೇ ಜೈನ ಬಸದಿಯನ್ನೂ ನೋಡಿ. ಟಿಪ್ಪು ಸುಲ್ತಾನ ಅದನ್ನು ಮದ್ದುಗುಂಡು ಇಡೋಕೆ ಬಳಸಿದ್ದರಿಂದಲೇ, ಸುಲ್ತಾನನ 'ಬ್ಯಾಟರಿ' (ಫಿರಂಗಿ, ಮದ್ದುಗುಂಡಿನ ಠಾಣೆ) ಅಂತ ಊರಿಗೆ ಈ ಹೆಸರು ಬಂದಿದ್ದು.

ಮೀನಂಗಾಡಿಯಲ್ಲಿ ಟಿಕೆಟ್ ಕೌಂಟರ್ ಇಲ್ಲ, ಸೆಲ್ಫಿ ಪಾಯಿಂಟ್ ಇಲ್ಲ. ನೋಡೋಕೆ ಮಾಮೂಲಿ ಕಾಫಿ ಸೀಮೆ. ಇಲ್ಲಿ ಮಾತಾಡಿಸಬೇಕು, ಆಗಲೇ ಊರು ಕಾಣೋದು. ಹಾಗಾಗಿ ಶನಿವಾರ, ಭಾನುವಾರ ಬೇಡ. ಕೆಲಸದ ದಿನ ಹೋಗಿ, ಪಂಚಾಯಿತಿ ಕಚೇರಿಗೆ ಮೊದಲೇ ತಿಳಿಸಿ. ಮಲಯಾಳ ಬರುವವರು ಒಬ್ಬರು ಜೊತೆಗಿದ್ದರೆ ಅರ್ಧ ಕೆಲಸ ಆದಂತೆ.

ಮೊದಲು ಪಂಚಾಯಿತಿಯವರು ಊರಿನ ಇಂಗಾಲದ ಲೆಕ್ಕ ಹಾಕಿದರು. ವಾಹನ, ಕರೆಂಟು, ಸೌದೆ, ದನಕರು ಎಲ್ಲ ಸೇರಿ ವರ್ಷಕ್ಕೆ ಸುಮಾರು 33 ಸಾವಿರ ಟನ್ ಹೊರಗೆ, ಮರ ಮತ್ತು ಮಣ್ಣು ಹೀರುವುದು ಸುಮಾರು 22 ಸಾವಿರ ಟನ್. ಸುತ್ತ ಇಷ್ಟು ಹಸಿರಿದ್ದೂ ಮೂರನೇ ಒಂದು ಪಾಲು ಬಾಕಿ!

ಆ ಬಾಕಿ ತೀರಿಸೋಕೆ ಹುಟ್ಟಿದ್ದೇ ಮರದ ಬ್ಯಾಂಕು. ರಾಜ್ಯ ಸರ್ಕಾರ 10 ಕೋಟಿ ರೂಪಾಯಿ ಕೊಟ್ಟಿತು, ಅದನ್ನು ಸಹಕಾರಿ ಬ್ಯಾಂಕಿನಲ್ಲಿ ಇಟ್ಟರು. ರೈತ ತನ್ನ ಮರವನ್ನು ಒಡವೆಯ ಹಾಗೆ ಅಡ ಇಡಬಹುದು. ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಸಾಲ. ಮರ ಕಡಿಯದಿದ್ದರೆ ಸಾಲ ತೀರಿಸಬೇಕಾಗಿಲ್ಲ.

ಕೇಳೋಕೆ ಚೆನ್ನಾಗಿದೆ, ಅಲ್ವಾ? ತೋಟವೊಂದರಲ್ಲಿ ಸಿಕ್ಕ ಹಿರಿಯರು ನಕ್ಕುಬಿಟ್ಟರು. "ಸಿಲ್ವರ್ ಓಕ್ ಮಾರಿದರೆ ಸಾವಿರಗಟ್ಟಲೆ ಬರುತ್ತೆ. ಐವತ್ತು ಯಾವ ಲೆಕ್ಕ?" ಆಮೇಲೆ ಪಕ್ಕದ ಹಲಸಿನ ಮರ ತಟ್ಟಿದರು. ಅದರ ಮೈತುಂಬಾ ಮೆಣಸಿನ ಬಳ್ಳಿ, ಬುಡಕ್ಕೆ ಸೊಪ್ಪಿನ ಗೊಬ್ಬರ. ಮೆಣಸು ಕೊಡುವ ಮರವನ್ನು ಯಾರೂ ಹೇಗೂ ಕಡಿಯೋದಿಲ್ಲ. ನನಗನಿಸಿದ್ದು ಇಷ್ಟು: 50 ರೂಪಾಯಿ ಕಡಿಮೆಯಾಯಿತು. ಆದರೆ ನೂರಾರು ಮರ ಇರುವವರಿಗೆ, ಮಗಳ ಮದುವೆ, ಆಸ್ಪತ್ರೆ ಅಂತ ಕೈ ಕಟ್ಟಿದಾಗ, ಕೊಡಲಿಗೆ ಮೊದಲು ಬ್ಯಾಂಕು ನೆನಪಾದರೂ ಆಗಬಹುದು.

ಮಳೆಗಾಲದಲ್ಲಿ ಹವಾಮಾನ ನೋಡಿಕೊಂಡೇ ಹೊರಡಿ. 2024ರ ಜುಲೈನಲ್ಲಿ ಗುಡ್ಡ ಕುಸಿದ ಮುಂಡಕ್ಕೈ, ಚೂರಲ್‌ಮಲ ಇದೇ ಜಿಲ್ಲೆಯಲ್ಲಿವೆ.

ಇನ್ನೊಂದು ಮಾತು, ಇದು ನಮ್ಮದೇ ತಪ್ಪು. ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಮಾತಿನ ಭರದಲ್ಲಿ ಗಡಿಯಾರ ಮರೆತು ಗೇಟಿಗೆ ಬಂದಾಗ 9.10. ಎಷ್ಟು ಕೇಳಿಕೊಂಡರೂ ಬಿಡಲಿಲ್ಲ, ಬಿಡಲೂಬಾರದು. ವಾಪಸ್ ಬತ್ತೇರಿಗೆ ಬಂದು ಲಾಡ್ಜ್ ಹುಡುಕಿದೆವು. ಬೆಳಿಗ್ಗೆ ಐದೂವರೆಗೇ ಬಂದು ಸಾಲಿನಲ್ಲಿ ನಿಂತರೆ, ನಮ್ಮ ಮುಂದೆ ಗುಂಡ್ಲುಪೇಟೆಗೆ ಹೊರಟ ಖಾಲಿ ತರಕಾರಿ ಲಾರಿಗಳು. ಡ್ರೈವರುಗಳೆಲ್ಲ ಒಳ್ಳೇ ನಿದ್ದೆಯಲ್ಲಿದ್ದರು.