ಜಿಮೇಲ್ ಬಿಡುವ ಮುಂಚೆ ಪಟ್ಟಿ ಮಾಡಿಕೊಳ್ಳಿ

ಖಾಸಗಿತನದ ಬಗ್ಗೆ ಯೋಚನೆ ಹತ್ತಿದವರು ಒಂದೇ ಭಾನುವಾರ ಗೂಗಲ್‌ನ ಬ್ರೌಸರ್, ಕೀಬೋರ್ಡ್, ಮೇಲ್ ಎಲ್ಲವನ್ನೂ ಬದಲಿಸಲು ಕೂರುತ್ತಾರೆ. ಬುಧವಾರ ಯಾವುದೋ ಓಟಿಪಿ ಹಳೆಯ ವಿಳಾಸಕ್ಕೆ ಹೋಗಿ ಕೆಲಸ ಕೆಡುತ್ತದೆ, ಶನಿವಾರದೊಳಗೆ ಎಲ್ಲ ಮೊದಲಿನಂತೆಯೇ. ಬ್ರೌಸರ್ ಬದಲಿಸಲು ಹತ್ತು ನಿಮಿಷ ಸಾಕು: ಫೈರ್‌ಫಾಕ್ಸ್ ಹಾಕಿ, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿ. ಫೋನಿನ ಕೀಬೋರ್ಡಿಗೆ ಹೆಲಿಬೋರ್ಡ್ ಇದೆ. ಅದು ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ, ಕನ್ನಡ ಅಕ್ಷರಗಳ ವಿನ್ಯಾಸವೂ ಇದೆ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಕನ್ನಡ ಮಾಡಿಕೊಡುವುದಿಲ್ಲ. ಹಾಗೆ ಟೈಪ್ ಮಾಡಿ ರೂಢಿಯಾದವರಿಗೆ ಮೊದಮೊದಲು ಬೆರಳು ತಡವರಿಸುವುದು ಖಂಡಿತ. ಯುಪಿಐ, ಬ್ಯಾಂಕ್ ಆ್ಯಪ್‌ಗಳನ್ನು ಇದ್ದ ಹಾಗೇ ಬಿಡಿ.

ನಿಜವಾದ ಕೆಲಸ ಇರುವುದು ಮೇಲ್‌ನಲ್ಲಿ. ಅದಕ್ಕೂ ಮುಂಚೆ ಪಾಸ್‌ವರ್ಡ್‌ಗಳನ್ನು ಒಂದೆಡೆ ತರಬೇಕು. ಎಲ್ಲೆಲ್ಲಿ ಖಾತೆ ತೆರೆದಿದ್ದೇವೆ ಎಂಬುದು ಯಾರಿಗೂ ನೆನಪಿರುವುದಿಲ್ಲ, ಬ್ರೌಸರ್‌ಗೆ ನೆನಪಿರುತ್ತದೆ. ಕ್ರೋಮ್‌ನ ಪಾಸ್‌ವರ್ಡ್ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಒಂದು ಸಿಎಸ್‌ವಿ ಫೈಲ್ (ಕೋಷ್ಟಕದ ಸಾದಾ ಫೈಲ್) ಬರುತ್ತದೆ. ನಿಮ್ಮ ಖಾತೆಗಳ ಪಟ್ಟಿ ಅದೇ. ಅದನ್ನು, ಪಾಸ್‌ವರ್ಡ್‌ಗಳನ್ನು ಬೀಗ ಹಾಕಿಡುವ ಆ್ಯಪ್ ಆದ ಬಿಟ್‌ವಾರ್ಡನ್‌ಗೆ ಇಂಪೋರ್ಟ್ ಮಾಡಿ. ಉಚಿತ ಖಾತೆಯೇ ಸಾಕು. ಎಡವುವುದು ಇಲ್ಲೇ. ಆ ಫೈಲಿನಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಬೆತ್ತಲೆಯಾಗಿ ಕೂತಿರುತ್ತವೆ, ಎಕ್ಸೆಲ್‌ನಲ್ಲಿ ಯಾರು ತೆರೆದರೂ ಓದಬಹುದು. ಇಂಪೋರ್ಟ್ ಆದ ಕೂಡಲೇ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ನಿಮ್ಮ ಡೌನ್‌ಲೋಡ್ ಫೋಲ್ಡರ್ ಗೂಗಲ್ ಡ್ರೈವ್‌ಗೆ ಸಿಂಕ್ ಆಗುತ್ತಿದ್ದರೆ, ಅಳಿಸಿದ ಮೇಲೂ ಅಲ್ಲಿನ ಟ್ರ್ಯಾಶ್‌ನಲ್ಲಿ 30 ದಿನ ಉಳಿದಿರುತ್ತದೆ. ಬಿಟ್‌ವಾರ್ಡನ್ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಮರೆತರೆ ಬಿಟ್‌ವಾರ್ಡನ್‌ನವರೂ ಅದನ್ನು ಹೇಳಿಕೊಡಲಾರರು. ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಆರಿಸಿ, ಕಾಗದದಲ್ಲಿ ಬರೆದು ಮನೆಪತ್ರಗಳ ಜೊತೆ ಇಡಿ.

ಇನ್ನು ಮೇಲ್. ಸ್ವಿಟ್ಜರ್ಲೆಂಡಿನ ಪ್ರೋಟಾನ್, ಜರ್ಮನಿಯ ಟೂಟಾ, ಎರಡೂ ಮೇಲ್ ಸೇವೆಗಳು ಪರವಾಗಿಲ್ಲ. ಆದರೆ ಪ್ರೋಟಾನ್‌ನಿಂದ ಜಿಮೇಲ್‌ನವರಿಗೆ ಹೋದ ಪತ್ರವನ್ನು ಆ ಕಡೆ ಗೂಗಲ್ ಓದಬಲ್ಲದು, ಅಲ್ಲಿ ಪವಾಡವೇನಿಲ್ಲ. ಉಚಿತ ಖಾತೆಯಲ್ಲಿ ಜಾಗ ಕಡಿಮೆ, ಹತ್ತು ವರ್ಷದ ಮೇಲ್ ಹಿಡಿಸುವುದಿಲ್ಲ. ಹಳೆಯದನ್ನು, ನಮ್ಮ ಮಾಹಿತಿ ಇಳಿಸಿಕೊಳ್ಳಲು ಇರುವ ಗೂಗಲ್ ಟೇಕ್‌ಔಟ್‌ನಿಂದ ಎಂಬಾಕ್ಸ್ ಫೈಲಾಗಿ ಇಳಿಸಿ ಹಾರ್ಡ್ ಡಿಸ್ಕ್‌ನಲ್ಲಿಡಿ. ಬೇಕಾದಾಗ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶಕ್ಕೆ ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಎಂಬ ಆಡ್-ಆನ್ ಹಾಕಿ ತೆರೆಯಬಹುದು.

ಆಮೇಲೆ ಜಿಮೇಲ್‌ನಿಂದ ಫಾರ್ವರ್ಡಿಂಗ್, ಅಂದರೆ ಅಲ್ಲಿಗೆ ಬಂದ ಪತ್ರ ತಾನಾಗಿ ಹೊಸ ವಿಳಾಸಕ್ಕೆ ಬರುವ ಏರ್ಪಾಡು. ಫೋನಿನ ಆ್ಯಪ್‌ನಲ್ಲಿ ಈ ಆಯ್ಕೆ ಸಿಗದು, ಕಂಪ್ಯೂಟರಿನಲ್ಲೇ ಮಾಡಬೇಕು. ಸೆಟ್ಟಿಂಗ್ಸ್‌ನಲ್ಲಿ ಹೊಸ ವಿಳಾಸ ಕೊಟ್ಟು, ಆ ವಿಳಾಸಕ್ಕೆ ಬಂದ ದೃಢೀಕರಣವನ್ನು ಮುಗಿಸಿ, ಜಿಮೇಲ್‌ನಲ್ಲೂ ಒಂದು ಪ್ರತಿ ಉಳಿಯುವಂತೆ ಆರಿಸಿ. ಜಿಮೇಲ್ ಸ್ಪ್ಯಾಮ್ ಎಂದುಕೊಂಡದ್ದು ಮುಂದಕ್ಕೆ ಬರುವುದಿಲ್ಲ. ಇತ್ತ ಫಾರ್ವರ್ಡ್ ಆಗಿ ಬಂದ ಸಾಚಾ ಪತ್ರವೂ ಕೆಲವೊಮ್ಮೆ ಹೊಸ ಪೆಟ್ಟಿಗೆಯ ಸ್ಪ್ಯಾಮ್‌ಗೆ ಬೀಳುತ್ತದೆ, ಏಕೆಂದರೆ ಕಳಿಸಿದವರ ಸರ್ವರ್ ಒಂದು, ತಂದುಕೊಟ್ಟ ಸರ್ವರ್ ಇನ್ನೊಂದು. ಎರಡೂ ಕಡೆ ಕಣ್ಣಾಡಿಸುತ್ತಿರಿ.

ವಿಳಾಸ ಬದಲಿಸುವುದನ್ನು ಚಿಲ್ಲರೆ ಖಾತೆಗಳಿಂದ ಶುರು ಮಾಡಿ: ಪುಸ್ತಕದಂಗಡಿ, ಟಿಕೆಟ್ ಸೈಟು. ದಿನಕ್ಕೆ ಮೂರ್ನಾಲ್ಕು ಸಾಕು. ಕೈ ಪಳಗಿದ ಮೇಲೆ ವಿಮೆ, ಪಿಎಫ್, ಆದಾಯ ತೆರಿಗೆ, ಬ್ಯಾಂಕ್ ಕೊನೆಗೆ. ಕೆಲವು ಕಡೆ ಅರ್ಜಿ ಹಿಡಿದು ಶಾಖೆಗೇ ಹೋಗಬೇಕಾದೀತು.

ದುಡ್ಡು ಕೊಡಲು ಸಿದ್ಧರಿದ್ದರೆ ಸ್ವಂತ ಡೊಮೇನ್ (ಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರು) ಕೊಳ್ಳುವುದು ಜಾಣತನ. ನಾಳೆ ಪ್ರೋಟಾನ್ ಬೇಡವೆನಿಸಿದರೆ ಮೇಲ್ ಯಾವ ಸೇವೆಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ಬದಲಿಸಿದರಾಯಿತು, ವಿಳಾಸ ಅದೇ. ನವೀಕರಣ ಮಾತ್ರ ತಪ್ಪಬಾರದು. ಅವಧಿ ಮುಗಿದ ಡೊಮೇನನ್ನು ಬೇರೆಯವರು ಕೊಂಡರೆ ನಿಮ್ಮ ಪಾಸ್‌ವರ್ಡ್ ರೀಸೆಟ್ ಲಿಂಕುಗಳೆಲ್ಲ ಅವರ ಮನೆಗೆ.

ಹೊಸ ಪೆಟ್ಟಿಗೆಯಲ್ಲಿ ಒಂದು ಫಿಲ್ಟರ್ ಹಾಕಿಡಿ: ಹಳೆಯ ವಿಳಾಸಕ್ಕೆ ಬಂದದ್ದೆಲ್ಲ ‘ಹಳೇಮನೆ’ ಎಂಬ ಫೋಲ್ಡರಿಗೆ. ವಾರಕ್ಕೊಮ್ಮೆ ತೆರೆದು ನೋಡಿದರೆ ಯಾರಿಗೆ ಇನ್ನೂ ವಿಳಾಸ ತಿಳಿಸಿಲ್ಲ ಎಂಬುದು ತಾನಾಗಿ ಸಿಗುತ್ತದೆ. ಬರೀ ಜಾಹೀರಾತು ಬರತೊಡಗಿದರೂ ಅವಸರ ಬೇಡ. ವಿಮೆಯ ಕಂತಿನ ನೆನಪೋಲೆ ವರ್ಷಕ್ಕೊಂದೇ ಸಲ ಬರುವಂಥದ್ದು. ಹಾಗಾಗಿ ಹಳೆಯ ಖಾತೆಗೆ ಕನಿಷ್ಠ ಒಂದು ಪೂರ್ತಿ ವರ್ಷ ಕೊಡಿ, ನಡುನಡುವೆ ಲಾಗಿನ್ ಆಗಿ. 2 ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು.