ಸೊಲ್ಲು ಕಲಿಸಿದ ಮೇಷ್ಟ್ರು

ಮಾನಸಗಂಗೋತ್ರಿಯ ನಮ್ಮ ಜನಪದ ಗಾಯನ ತಂಡವನ್ನು ಕಟ್ಟಿದ ಮೇಷ್ಟ್ರು ಈಗಿಲ್ಲ. ಹೊಸಬರು ಬಂದರೆ ಅವರು ‘ಒಂದು ಹಾಡು ಹೇಳಿ’ ಅನ್ನುತ್ತಿರಲಿಲ್ಲ. ಬೇರೆಯವರು ಹಾಡುವಾಗ ಹಿಂದೆ ನಿಂತು ಸೊಲ್ಲು ಹಿಡಿಯಲು, ಅಂದರೆ ಮುಂದಿನವರ ಸಾಲನ್ನು ಒಟ್ಟಾಗಿ ಎತ್ತಿಕೊಂಡು ಹಾಡಲು, ಹೇಳುತ್ತಿದ್ದರು. ಮುಂದೆ ಹಾಡುವವರ ಕೊನೆಯ ಅಕ್ಷರ ಇನ್ನೂ ಎಳೆಯುತ್ತಿರುವಾಗಲೇ ಸೊಲ್ಲು ಅದಕ್ಕೆ ಕೂಡಿಕೊಳ್ಳಬೇಕು. ತಡವಾದರೆ ಸಂದು ಬೀಳುತ್ತದೆ, ಅದನ್ನು ತುಂಬಲು ಎಲ್ಲರೂ ಅವಸರಪಡುತ್ತಾರೆ, ಮೂರನೇ ನುಡಿಯ ಹೊತ್ತಿಗೆ ಹಾಡು ಓಡತೊಡಗುತ್ತದೆ. ಚಪ್ಪಾಳೆಯೂ ಹಾಗೇ ಓಡಿಸುತ್ತದೆಂದು ಅದನ್ನು ಬಿಡಿಸಿ, ಒಬ್ಬರ ಕಾಲಿಗೆ ಮಾತ್ರ ಗೆಜ್ಜೆ ಕಟ್ಟಿಸಿದ್ದರು. ಲಯ ಆ ಕಾಲಿನದು, ಉಳಿದವರೆಲ್ಲ ಅದಕ್ಕೇ ಕಿವಿಗೊಡಬೇಕು.

ಶ್ರುತಿಯ ಜಗಳ ಪ್ರತಿ ವರ್ಷದ್ದು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದಕ್ಕೆ ಹಿಡಿದರೆ ಹುಡುಗಿಯರ ದನಿ ಕೆಳಗೆ ಹೂತುಹೋಗುತ್ತಿತ್ತು, ಕಪ್ಪು ಐದಕ್ಕೆ ಏರಿಸಿದರೆ ಹುಡುಗರು ಕಿರುಚುತ್ತಿದ್ದರು. ಬಿಳಿ ನಾಲ್ಕರ ಆಸುಪಾಸಿನಲ್ಲಿ ರಾಜಿಯಾಗುತ್ತಿತ್ತು. ನಮ್ಮ ಹೆಚ್ಚಿನ ಮಟ್ಟುಗಳು ಐದಾರು ಸ್ವರದೊಳಗೇ ಸುತ್ತುವುದರಿಂದ ಅದು ಸಾಕಾಗುತ್ತಿತ್ತು.

ಪದಗಳನ್ನು ತಿದ್ದಲು ಮಾತ್ರ ಮೇಷ್ಟ್ರು ಬಿಡುತ್ತಿರಲಿಲ್ಲ. ‘ಬತ್ತೀನಿ’ ಐದು ಮಾತ್ರೆ, ‘ಬರುತ್ತೇನೆ’ ಆರು. ಶುದ್ಧ ಮಾಡಲು ಹೋದರೆ ತಾಳ ಮುರಿಯುತ್ತದೆ. ತ್ರಿಪದಿಗೆ ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ ಎಂದು ಪರೀಕ್ಷೆಗೆ ಬರೆದಿದ್ದೆವು. ಎರಡನೇ ಸಾಲು ಮರುಕಳಿಸಿ ಹಾಡುವಾಗ ಅದು ನಾಲ್ಕು ಸಾಲಾಗಿ ಬೆಳೆಯುವುದು ತಿಳಿದದ್ದು ಈ ತಂಡದಲ್ಲೇ. ಕಂಸಾಳೆ ಮಾದಪ್ಪನ ಹಾಡಿಗೆ, ತಂಬೂರಿ ಮಂಟೇಸ್ವಾಮಿ ಕಾವ್ಯಕ್ಕೆ, ಸೋಬಾನೆಗೆ ಬರೀ ದನಿ: ಇದನ್ನು ಕಲಸಿದವರಿಗೆ ಅವರಿಂದ ಬೈಗುಳ ಖಾತ್ರಿ.

ತಮಟೆಯನ್ನು ಹುಲ್ಲಿನ ಬೆಂಕಿಗೆ ಕಾಯಿಸುವುದು ವೇದಿಕೆ ಹತ್ತುವ ಸ್ವಲ್ಪ ಮುಂಚೆ. ಉರಿಗೆ ತೀರಾ ಹತ್ತಿರ ಹಿಡಿದರೆ ಚರ್ಮ ಸುಟ್ಟು ಬಿರಿಯುತ್ತದೆ. ತಿರುಗಿಸುತ್ತಾ ಕಾಯಿಸಿ, ಅಂಗೈಯಿಂದ ಸವರಿ ಬಿಸಿ ನೋಡಿ, ಬೆರಳಿಂದ ತಟ್ಟಿ ನಾದ ಕೇಳಬೇಕು. ಮಳೆಗಾಲದಲ್ಲಿ ಬೇಗ ಸಡಿಲಾಗುತ್ತದೆ, ಹಾಗಾಗಿ ಕಾಯಿಸಿದ ಇನ್ನೊಂದು ತಮಟೆ ಪಕ್ಕದಲ್ಲಿರಬೇಕು. ತಮಟೆಯ ಮುಂದೆ ಮೈಕ್ ಬೇಡವೇ ಬೇಡ. ಸೊಲ್ಲಿನವರು ಅರ್ಧ ಚಂದ್ರಾಕಾರದಲ್ಲಿ ನಿಂತರೆ ತೋಳಿನಳತೆ ದೂರದಲ್ಲಿ ಎರಡು ಮೈಕ್ ಸಾಕು.

ಒಮ್ಮೆ ತಂಡದ ಇಬ್ಬರು ಪೋಕರಿಗಳು ಪರದೆಯ ಹಿಂದೆ ಕೀಬೋರ್ಡ್ ಬಚ್ಚಿಟ್ಟು ತಾಲೀಮಿನ ನಡುವೆ ನುಡಿಸಿಯೇಬಿಟ್ಟರು. ಮೇಷ್ಟ್ರು ತಡೆಯಲಿಲ್ಲ. ಹಾಡು ಮುಗಿದ ಮೇಲೆ ಅದೇ ನುಡಿಯನ್ನು ಕೀಬೋರ್ಡ್ ಇಲ್ಲದೆ ಹೇಳಿಸಿದರು. ಸ್ವರದಿಂದ ಸ್ವರಕ್ಕೆ ಜಾರುವ ಎಳೆತ, ಕೀಬೋರ್ಡಿನ ಜೊತೆ ಮಟ್ಟಸವಾಗಿದ್ದದ್ದು, ಮತ್ತೆ ಕೇಳಿಸಿತು. ಮರುದಿನದಿಂದ ಆ ಇಬ್ಬರಿಗೆ ತಮಟೆ ಕಾಯಿಸುವ ಕೆಲಸ.

ವಿಶ್ವವಿದ್ಯಾಲಯಗಳ ಯುವಜನೋತ್ಸವದ ಸಮೂಹಗಾನಕ್ಕೆ ಆರು ಹಾಡುಗಾರರು, ಮೂವರು ಪಕ್ಕವಾದ್ಯದವರು, ಹತ್ತು ನಿಮಿಷ. ದೇಶಭಕ್ತಿಗೀತೆಯೂ ಅದರೊಳಗೇ ಬರಬೇಕಾದ್ದರಿಂದ ಜನಪದಕ್ಕೆ ಸಿಗುವುದು ನಾಲ್ಕೈದು ನಿಮಿಷ. ನಾವು ನುಡಿಗಳನ್ನು ಕಡಿಮೆ ಮಾಡುತ್ತಿದ್ದೆವು, ವೇಗ ಹೆಚ್ಚಿಸುತ್ತಿರಲಿಲ್ಲ. ನಮ್ಮ ಸೊಲ್ಲಿನ ಗಟ್ಟಿತನವನ್ನು ಸ್ಪರ್ಧೆಗೆ ಬಂದ ಬೇರೆ ತಂಡದವರೂ ಮೆಚ್ಚುತ್ತಿದ್ದರು. ಈಗ ಎಷ್ಟೋ ತಂಡಗಳು ಎಲ್ಲ ನುಡಿ ಇಟ್ಟುಕೊಂಡು ಓಟ ಕೀಳುತ್ತವೆ. ಇನ್ನು ಕೆಲವು ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕ್‌ಗೆ ಬಾಯಿ ಕೂಡಿಸುತ್ತವೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಹಾಡುಗಾರ್ತಿ ಒಂದು ಪದವನ್ನು ಎಳೆಯಬೇಕೆಂದರೂ ಎಳೆಯುವಂತಿಲ್ಲ. ಹೊಸ ತಂಡ ಕಟ್ಟುವ ಮಕ್ಕಳು ದಯವಿಟ್ಟು ಮೊದಲು ಸೊಲ್ಲಿನವರನ್ನು ಹುಡುಕಿಕೊಳ್ಳಿ, ಮುಂದೆ ಹಾಡುವವರು ಅವರೊಳಗೇ ಸಿಗುತ್ತಾರೆ.