ಅಪ್ಪನಿಗಿಂತ ಮಾವನ ಹೆದರಿಕೆ ಯಾಕೆ?

ಬೆಂಗಳೂರಿನ ಗೆಳೆಯರು ಸಿಕ್ಕಾಗಲೆಲ್ಲ ಇದೇ ಪ್ರಶ್ನೆ: "ನಿಮ್ಮ ಕಾಸರಗೋಡಿನ ಕಡೆ ಮಕ್ಕಳು ಅಪ್ಪನಿಗಿಂತ ಮಾವನಿಗೇ ಜಾಸ್ತಿ ಹೆದರುತ್ತಿದ್ದರಂತಲ್ಲ, ಯಾಕೆ?"

ಎಲ್ಲರ ಮನೆಯಲ್ಲೂ ಅಲ್ಲ ಮಾರಾಯ್ರೇ. ನಮ್ಮದು ಕುಂಬಳೆ ಹತ್ತಿರದ ಬಂಟರ ಮನೆ, ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ಕುಲ ಎಣಿಸುವವರು. ತೋಡಿನ ಆಚೆ ಹವ್ಯಕರ ಮನೆ, ಅವರದು ಮಕ್ಕಳಕಟ್ಟು, ಅಪ್ಪನ ಕಡೆಯಿಂದ. ಅಲ್ಲಿನ ಹುಡುಗನೂ ನಾನೂ ಒಂದೇ ಬೆಂಚು. ಅಪ್ಪ ಕೆಮ್ಮಿದರೆ ಸಾಕು, ಅವನು ಪುಸ್ತಕ ತೆಗೆಯುತ್ತಿದ್ದ. ರಜೆಯಲ್ಲಿ ಮಾವನ ಮನೆಗೆ ಹೋದರೆ ಮಾತ್ರ ಅವನಿಗೆ ಮರ ಹತ್ತುವ ಭಾಗ್ಯ. ನನ್ನದು ಉಲ್ಟಾ. ನಾನು ಬೆಳೆದದ್ದು ಅಮ್ಮನ ತರವಾಡಿನಲ್ಲಿ, ಅಂದರೆ ಅವಳ ಕೂಡುಕುಟುಂಬದ ಮನೆಯಲ್ಲಿ. ಅಪ್ಪ ಬಂದು ಹೋಗುವವರು, ಬಂದರೆ ಹೆಗಲ ಮೇಲೆ ಕೂರಿಸಿಕೊಂಡು ಬಯಲಾಟಕ್ಕೆ ಕರೆದೊಯ್ಯುವವರು. ಜಗಲಿಯಲ್ಲಿ ಮಾವನ ಮೆಟ್ಟಿನ ಸದ್ದು ಕೇಳಿದರೆ ಮಾತ್ರ ನಾವು ಹಿತ್ತಿಲು ಸೇರುತ್ತಿದ್ದೆವು.

ಒಂದೇ ಊರು, ಒಂದೇ ಶಾಲೆ, ಅದೇ ಅಡಿಕೆ. ಬೇರೆಯಾಗಿದ್ದದ್ದು ಆಸ್ತಿ ಇಳಿಯುವ ದಾರಿ. ಅಳಿಯಕಟ್ಟಿನಲ್ಲಿ ಮಕ್ಕಳು ತಾಯಿಯ ಕುಟುಂಬದವರು. ನಮ್ಮಲ್ಲಿ ಯಜಮಾನರು ಅಮ್ಮನ ಅಣ್ಣ. ಗೇಣಿ, ಅಡಿಕೆ ದುಡ್ಡು, ಭತ್ತ ತುಂಬಿಡುವ ಪತ್ತಾಯದ ಬೀಗದ ಕೈ ಎಲ್ಲ ಅವರ ಸೊಂಟದಲ್ಲಿ. ನಾಳೆ ಆ ಜಾಗಕ್ಕೆ ಬರುವವನನ್ನು ತಿದ್ದಬೇಕಾದವರೂ ಅವರೇ ಅಲ್ವಾ? ಅಪ್ಪನಿಗೆ ಆ ತಲೆನೋವಿಲ್ಲ. ಅವರು ತಮ್ಮ ತಂಗಿಯ ಮಕ್ಕಳಿಗೆ ಹುಲಿಯಾಗಿದ್ದರಂತೆ. ನಾನು ನಂಬಿರಲೇ ಇಲ್ಲ!

ತುಳುನಾಡಿನ ಐತಿಹ್ಯದ ರಾಜ ಭೂತಾಳಪಾಂಡ್ಯನ ಕತೆ ಹೇಳಿ ಮುಗಿಸುವವರೂ ಇದ್ದಾರೆ: ಬಲಿಗೆ ಹೆಂಡತಿ ಮಗನನ್ನು ಕೊಡಲಿಲ್ಲ, ತಂಗಿ ಕೊಟ್ಟಳು, ಅದಕ್ಕೇ ಅಳಿಯನಿಗೆ ರಾಜ್ಯ ಅಂತ. ಕತೆ ಚಂದ. ಆದರೆ ನನ್ನ ಬೆನ್ನಿನ ಬಾಸುಂಡೆಗೆ ಕಾರಣ ಆ ಬೀಗದ ಕೈ.

ಮಗನಿಗೆ ಒಳಗೊಳಗೇ ಅಪ್ಪನ ಮೇಲೆ ಸಿಟ್ಟಿರುತ್ತದೆ ಅಂದವನು ಮನೋವಿಶ್ಲೇಷಕ ಫ್ರಾಯ್ಡ್. ತಾಯಿಯ ಕಡೆಯಿಂದ ಕುಲ ಎಣಿಸುವ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಿಗೆ 1915ರಲ್ಲಿ ಹೋದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ, ಅಲ್ಲಿ ಆ ಸಿಟ್ಟು ಮಾವನ ಮೇಲೆ ಅಂದ. ನಮ್ಮ ಜಗಲಿಗೆ ಬಂದಿದ್ದರೆ ಅಷ್ಟು ದೂರದ ಹಡಗು ಖರ್ಚು ಉಳಿಯುತ್ತಿತ್ತು.

ಆಮೇಲೆ ಕಾನೂನುಗಳು ಬಂದವು. ನಮ್ಮೂರು ಮದ್ರಾಸಿಗೆ ಸೇರಿದ್ದಾಗ ಬಂದ 1949ರ ಅಳಿಯಸಂತಾನ ಕಾಯ್ದೆಯಿಂದ ಪಾಲು ಕೇಳುವ ದಾರಿ ತೆರೆದಿತ್ತು. 1970ರಲ್ಲಿ ಕೇರಳದ ಭೂಸುಧಾರಣೆ ಗೇಣಿಯನ್ನು ಕೊಂಡೊಯ್ದಿತು. 1976ರ ಡಿಸೆಂಬರಿನಲ್ಲಿ ಕೂಡುಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕೂ ಹೋಯಿತು. ನಮ್ಮ ಮನೆ ಪಾಲಾಯಿತು. ಮಾವ ಅದೇ ಜಗಲಿಯಲ್ಲಿ ಕೂತಿರುತ್ತಿದ್ದರು. ಅವರು ಕೆಮ್ಮಿದರೆ ಯಾರೂ ಪುಸ್ತಕ ತೆಗೆಯುತ್ತಿರಲಿಲ್ಲ.

ತಂಗಿಯ ಗಂಡ ದುಬೈಗೆ ಹೋದರು. ಅವಳ ಮಕ್ಕಳು ಹೆದರುತ್ತಿದ್ದದ್ದು ಶುಕ್ರವಾರದ ಫೋನಿಗೆ. ದುಡ್ಡು ಬರುತ್ತಿದ್ದದ್ದು ಅಲ್ಲಿಂದ, ಮಾರ್ಕು ಕೇಳುತ್ತಿದ್ದದ್ದೂ ಅಲ್ಲಿಂದ. ಮಾವನಲ್ವಾ ಅಂತ ನಾನೂ ಒಮ್ಮೆ ಗದರಿಸಿ ನೋಡಿದೆ. ದೊಡ್ಡವನು ನಕ್ಕು ಕೇಳಿದ: "ಮಾವ, ಮಿಕ್ಸ್ಚರ್ ತಂದಿದ್ದೀರಾ?"